ಹೆಸರು ಹೊತ್ತು ನಡೆದ ಊರು



ನಾನು ಅಗರದವನು. ಯಳಂದೂರು ತಾಲ್ಲೂಕಿನ ಅಗರ. ಅಗ್ರಹಾರ ಎಂಬ ಮಾತು ಜನರ ನಾಲಿಗೆಯ ಮೇಲೆ ಸವೆದು ಸವೆದು ಅಗರವಾಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಗ್ರಹಾರದ ಕಾಲ ಹೋಯಿತು. ಅದನ್ನು ಕೊಟ್ಟವರಿಲ್ಲ, ಪಡೆದವರಿಲ್ಲ. ಸವೆದ ಹೆಸರೊಂದು ಉಳಿಯಿತು. ಆ ಹೆಸರಿನಲ್ಲೇ ನಾವು ಬದುಕುತ್ತಿದ್ದೇವೆ.

ಹೀಗೆ ಹೆಸರು ಉಳಿಯುವುದರ ಬಗ್ಗೆ ನನಗೆ ಚಿಕ್ಕಂದಿನಿಂದಲೂ ಒಂದು ಕುತೂಹಲ. ಅದಕ್ಕೆ ಕಾರಣ ನನ್ನ ಊರಲ್ಲ. ಹೊಳೆಯಾಚೆಯ ಇನ್ನೊಂದು ಊರು. ತಲಕಾಡು.

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ತಲಕಾಡನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾವೇರಿ ದಾಟಿದರೆ ತಲಕಾಡು. ನಮ್ಮ ಅಜ್ಜಿ ವರ್ಷಕ್ಕೊಮ್ಮೆ ಮುಡುಕುತೊರೆ ಜಾತ್ರೆಗೆ ಹೊರಡುತ್ತಿದ್ದಳು. ಎತ್ತಿನ ಗಾಡಿ ಹೊಳೆಯ ದಡದ ತನಕ. ಅಲ್ಲಿಂದಾಚೆಗೆ ಹರಿಗೋಲು. ಮುಡುಕುತೊರೆಯಿಂದ ತಲಕಾಡಿಗೆ ನಡಿಗೆ. ನಾನು ಅವಳ ಸೆರಗು ಹಿಡಿದುಕೊಂಡು ಹೋಗುತ್ತಿದ್ದೆ. ಮಧ್ಯಾಹ್ನದ ಬಿಸಿಲಲ್ಲಿ ತಲಕಾಡಿನ ಮರಳು ಕಾದ ಹಂಚಿನ ಹಾಗೆ. ನಾನು ನಿಂತು ಅಳುತ್ತಿದ್ದೆ. ಅಜ್ಜಿ ಹೇಳುತ್ತಿದ್ದಳು: ‘ಒಂದೇ ಕಡ ನಿಂತ್ಕಬ್ಯಾಡ ಕಣ್ ಮಗ, ಕಾಲು ಸುಡ್ತದ. ನಡೀತಾ ಇರು.’

ಆ ಮರಳಿನ ಕೆಳಗೆ ಒಂದು ರಾಜಧಾನಿ ಇದೆ ಎಂದು ನನಗೆ ಆಗ ತಿಳಿದಿರಲಿಲ್ಲ. ಇವತ್ತು ಆ ರಾಜಧಾನಿಯ ಮಾತು. ಅದರಲ್ಲೂ ಅದರ ಹೆಸರಿನ ಮಾತು. ಬಂದ ಬಂದ ದೊರೆಗಳು ಆ ಹೆಸರನ್ನು ಏನು ಮಾಡಿದರು, ಆ ಹೆಸರು ದೊರೆಗಳನ್ನು ಏನು ಮಾಡಿತು ಎಂಬ ಮಾತು.

ಮೊದಲು ಹೆಸರಿನ ಹುಟ್ಟು. ತಲ, ಕಾಡ ಎಂಬ ಇಬ್ಬರು ಬೇಡರಿದ್ದರಂತೆ. ಕಾಡಿನಲ್ಲಿ ಒಂದು ಬೂರುಗದ ಮರ. ದಿನವೂ ಆನೆಗಳು ಬಂದು ಆ ಮರಕ್ಕೆ ಪೂಜೆ ಮಾಡುತ್ತಿದ್ದವು. ಬೇಡರಿಗೆ ಅಚ್ಚರಿ. ಒಳಗೆ ಏನಿದೆ ನೋಡೋಣವೆಂದು ಕೊಡಲಿಯಿಂದ ಹೊಡೆದರು. ಮರದಿಂದ ರಕ್ತ ಚಿಮ್ಮಿತು. ಹೆದರಿ ನಿಂತರು. ಅದೇ ಮರದ ಎಲೆ, ಕಾಯಿ ಅರೆದು ಗಾಯಕ್ಕೆ ಕಟ್ಟಿ ಎಂದು ಒಂದು ದನಿ ಕೇಳಿತು. ಕಟ್ಟಿದರು. ರಕ್ತ ನಿಂತಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಆ ಶಿವ ವೈದ್ಯೇಶ್ವರನಾದ. ಊರು ತಲಕಾಡಾಯಿತು.

ಇದು ಸ್ಥಳಪುರಾಣ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಇದರಲ್ಲಿ ಎರಡು ಸಂಗತಿ ಗಮನಿಸುತ್ತೇನೆ. ಒಂದು, ಊರಿನ ಹೆಸರಲ್ಲಿ ದೊರೆ ಇಲ್ಲ, ಬೇಡರಿದ್ದಾರೆ. ಎರಡು, ಕತೆಯಲ್ಲಿ ಆನೆ ಇದೆ. ಇದು ಆನೆಗಳ ಸೀಮೆ. ಈಗಲೂ ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ರಾತ್ರಿ ಆನೆ ಇಳಿದರೆ ನಮ್ಮ ರೈತರು ಅಟ್ಟಣೆಯ ಮೇಲೆ ಕಾವಲು ಕೂರಬೇಕು. ತಲಕಾಡಿಗೆ ಗಜಾರಣ್ಯ ಎಂಬ ಹೆಸರೂ ಇತ್ತು. ಪುರಾಣ ಕಟ್ಟಿದವರು ತಮ್ಮ ಕಣ್ಣೆದುರಿನ ಕಾಡನ್ನೇ ಕತೆಯೊಳಗೆ ತಂದಿದ್ದಾರೆ.

ಈ ಕಾಡಿನ ಊರಿಗೆ ಸಿಂಹಾಸನ ಬಂದದ್ದು ಗಂಗರಿಂದ. ಕೊಂಗುಣಿವರ್ಮ ಮಾಧವ ಗಂಗವಂಶದ ಮೊದಲಿಗ. ಕಾಲ, ಸುಮಾರು 350. ಅವರ ಮೊದಲ ರಾಜಧಾನಿ ಕೋಲಾರ. ಮುಂದೆ ಹರಿವರ್ಮ ಎಂಬ ದೊರೆ ರಾಜಧಾನಿಯನ್ನು ಕಾವೇರಿಯ ದಡಕ್ಕೆ, ತಲಕಾಡಿಗೆ ತಂದ. ಅಲ್ಲಿಂದ ಸುಮಾರು 600 ವರ್ಷ ಗಂಗರ ಹೆಸರು ತಲಕಾಡಿನೊಂದಿಗೇ ಅಂಟಿಕೊಂಡಿತು. ಅವರು ಆಳಿದ ನಾಡು ಗಂಗವಾಡಿ. ಶಾಸನಗಳು ಅದನ್ನು 96,000 ಎಂದು ಕರೆಯುತ್ತವೆ. ಅವರ ಲಾಂಛನ ಯಾವುದು ಗೊತ್ತೇ? ಆನೆ. ಆ ವಂಶದ ಶ್ರೀಪುರುಷನೆಂಬ ದೊರೆ ಆನೆಗಳ ಮೇಲೆ ಒಂದು ಶಾಸ್ತ್ರಗ್ರಂಥವನ್ನೇ ಬರೆದ. ಅವನ ಮಗ ಶಿವಮಾರ ಆನೆಯ ಮೇಲೆ ಕನ್ನಡದಲ್ಲಿ ಗಜಾಷ್ಟಕ ಬರೆದ. ದುರ್ವಿನೀತ ಎಂಬ ಹಿಂದಿನ ದೊರೆಯ ಹೆಸರು ಕವಿರಾಜಮಾರ್ಗದಲ್ಲಿ ಕನ್ನಡದ ಮೊದಮೊದಲ ಗದ್ಯ ಬರಹಗಾರರ ಸಾಲಿನಲ್ಲಿ ಬರುತ್ತದೆ. ಕತ್ತಿ ಹಿಡಿದ ಕೈಯಲ್ಲೇ ಲೇಖನಿಯನ್ನೂ ಹಿಡಿದ ಮನೆತನ ಅದು. ನಮ್ಮ ಜಿಲ್ಲೆಯ ನರಸಮಂಗಲದಲ್ಲಿ ಗಂಗರ ಕಾಲದ ಗುಡಿ ಇನ್ನೂ ನಿಂತಿದೆ. ಅದರ ಗೋಪುರದ ಮೇಲೆ ಗಾರೆಯಲ್ಲಿ ಮಾಡಿದ ಮೂರ್ತಿಗಳಿವೆ. ಸಾವಿರ ವರ್ಷದ ಮಳೆ ಗಾಳಿ ತಿಂದ ಗಾರೆ. ಆದರೂ ಮುಖದ ಮೇಲಿನ ಕಳೆ ಹೋಗಿಲ್ಲ.

ಗಂಗರು ಊರಿನ ಹೆಸರನ್ನು ಏನು ಮಾಡಿದರು? ಅವರ ತಾಮ್ರಶಾಸನಗಳಲ್ಲಿ ತಲವನಪುರ ಎಂದಿದೆ. ಕಾಡು ಎಂಬುದನ್ನು ವನ ಮಾಡಿದ್ದಾರೆ. ಕೊನೆಗೊಂದು ಪುರ ಸೇರಿಸಿದ್ದಾರೆ. ಆಸ್ಥಾನದ ಪಂಡಿತರಿಗೆ ಕಾಡು ಎಂಬ ಮಾತು ಒರಟಾಗಿ ಕೇಳಿರಬೇಕು. ಬೀದಿಯ ಜನಕ್ಕೆ ಹಾಗೆ ಕೇಳಲಿಲ್ಲ. ತಾಮ್ರದ ಹಲಗೆಯ ಮೇಲೆ ತಲವನಪುರ. ಜನರ ಬಾಯಲ್ಲಿ ತಲಕಾಡು.

ಕೇಳುಗರೇ, ಇಲ್ಲಿಗೆ ಎರಡು ಮಾತಾಯಿತು. ಊರಿಗೆ ಬೇಡರ ಹೆಸರು ಬಂತು. ಗಂಗರು ಅದನ್ನು ನಯ ಮಾಡಿ ಬರೆದುಕೊಂಡರು. ಈಗ ಆ ಹೆಸರನ್ನು ಕಿತ್ತೆಸೆಯಲು ನೋಡಿದವರ ಸರದಿ.

ಗಂಗರ ಶಕ್ತಿ ಎಂಟನೆಯ ಶತಮಾನದ ಕೊನೆಗೇ ಒಮ್ಮೆ ಕುಗ್ಗಿತ್ತು. ರಾಷ್ಟ್ರಕೂಟ ಧ್ರುವ ಶಿವಮಾರನನ್ನು ಸೆರೆ ಹಿಡಿದಿದ್ದ. ಮತ್ತೆ ಚೇತರಿಸಿಕೊಂಡರು. ಅವರ ಕೊನೆಯ ಹೊಳಪು ಚಾವುಂಡರಾಯ. ಗಂಗರ ಮಂತ್ರಿ, ದಂಡನಾಯಕ. 978ರಲ್ಲಿ ಚಾವುಂಡರಾಯ ಪುರಾಣ ಬರೆದ. ಅದಾದ ಕೆಲವೇ ವರ್ಷಕ್ಕೆ ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದ. ಸುಮಾರು 58 ಅಡಿ ಎತ್ತರದ ಒಂದೇ ಕಲ್ಲು. ಅದು ನಿಂತು 25 ವರ್ಷ ಕಳೆಯುವುದರೊಳಗೆ ಗಂಗರ ರಾಜ್ಯವೇ ಇರಲಿಲ್ಲ.

ಸುಮಾರು 1004. ತಂಜಾವೂರಿನಲ್ಲಿ ರಾಜರಾಜ ಚೋಳನ ಆಳ್ವಿಕೆ. ಚೋಳರ ಸೇನೆ ಕಾವೇರಿಯ ಜಾಡು ಹಿಡಿದು ಮೇಲಕ್ಕೆ ಬಂತು. ತಲಕಾಡು ಬಿತ್ತು. ಗೆದ್ದವನು ಊರಿಗೆ ತನ್ನ ಹೆಸರನ್ನೇ ಇಟ್ಟ. ರಾಜರಾಜಪುರ. ನಮ್ಮ ಕೊಳ್ಳೇಗಾಲದ ಪಕ್ಕದ ಮುಡಿಗುಂಡದ ಹೆಸರನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಮುಡಿಕೊಂಡ ಎಂಬ ಚೋಳರ ಬಿರುದು ಅದರೊಳಗೆ ಕೇಳಿಸುತ್ತದೆ. ಒಂದು ನಾಡನ್ನು ಗೆದ್ದದ್ದು ಖಾತ್ರಿಯಾಗಬೇಕಾದರೆ ಅದರ ಊರುಗಳಿಗೆ ಹೊಸ ಹೆಸರಿಡಬೇಕು. ಚೋಳರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಆ ಹೊಸ ಹೆಸರು ಶಾಸನಗಳಲ್ಲಿ 100 ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ನಾಲ್ಕು ತಲೆಮಾರು. ಹುಟ್ಟಿದ ಮಗು ಮುದುಕನಾಗಿ ಸತ್ತು, ಅವನ ಮೊಮ್ಮಗನೂ ಮುದುಕನಾಗುವಷ್ಟು ಕಾಲ. ಅಷ್ಟು ಕಾಲ ಸರ್ಕಾರ ಒಂದು ಹೆಸರನ್ನು ಬಳಸಿದರೆ ಹಳೆಯದು ಮರೆತುಹೋಗಬೇಕು. ಮರೆಯಲಿಲ್ಲ. ಇದಕ್ಕೆ ಸಾಕ್ಷಿ ಬೇಕೆಂದರೆ ಮುಂದಿನ ದೊರೆಯನ್ನು ನೋಡಿ.

ಆ ದೊರೆ ಹೊಯ್ಸಳ ವಿಷ್ಣುವರ್ಧನ. ವರ್ಷ 1116. ತಲಕಾಡಿನಲ್ಲಿ ಚೋಳರ ಪರವಾಗಿ ಅದಿಯಮ ಎಂಬ ಸಾಮಂತನಿದ್ದ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಅವನ ಮೇಲೆ ನಡೆದ. ಅದಿಯಮ ಸೋತ. ಚೋಳರ ಆಳ್ವಿಕೆ ಕಾವೇರಿಯ ಈ ಭಾಗದಿಂದ ಕಾಲ್ತೆಗೆಯಿತು. ಗಂಗರಾಜನ ಬಗ್ಗೆ ನನಗೆ ವಿಶೇಷ ಗೌರವ. ದೊರೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ತನಗೆಂದು ಏನನ್ನೂ ಬೇಡಲಿಲ್ಲ. ಜಿನಪೂಜೆಗೆ ಊರು ಬೇಡಿದ. ಶ್ರವಣಬೆಳಗೊಳದ ಶಾಸನಗಳು ಇದನ್ನು ಹೇಳುತ್ತವೆ. ಗಂಗವಾಡಿಯ ಹಾಳುಬಿದ್ದ ಬಸದಿಗಳನ್ನು ಎತ್ತಿ ನಿಲ್ಲಿಸಿದವನೂ ಅವನೇ.

ಗೆದ್ದ ವಿಷ್ಣುವರ್ಧನ ಏನು ಮಾಡಿದ? ಊರಿಗೆ ತನ್ನ ಹೆಸರಿಡಲಿಲ್ಲ. ಊರಿನ ಹೆಸರನ್ನು ತಾನೇ ಇಟ್ಟುಕೊಂಡ. ತಲಕಾಡುಗೊಂಡ. ತಲಕಾಡನ್ನು ಗೆದ್ದುಕೊಂಡವನು. ಅದನ್ನು ಚಿನ್ನದ ನಾಣ್ಯದ ಮೇಲೆ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿಸಿದ. ಸಂತೆಯಲ್ಲಿ ಆ ನಾಣ್ಯ ಕೈಯಿಂದ ಕೈಗೆ ಹೋದಾಗಲೆಲ್ಲ ಇಬ್ಬರು ಬೇಡರ ಹೆಸರು ಚಿನ್ನದ ಮೇಲೆ ಕೂತು ಓಡಾಡಿತು. ಅವನ ಮಗ, ಮೊಮ್ಮಗ, ಮುಂದಿನ ಹೊಯ್ಸಳರೆಲ್ಲ ಶಾಸನಗಳಲ್ಲಿ ಈ ಬಿರುದನ್ನು ಬಿಡದೆ ಹೊತ್ತರು.

ಇದು ನನ್ನ ಮನಸ್ಸಿಗೆ ತುಂಬ ಹತ್ತಿರದ ಸಂಗತಿ. 1004ರಲ್ಲಿ ಒಬ್ಬ ದೊಡ್ಡ ಚಕ್ರವರ್ತಿ ಊರಿನ ಮೇಲೆ ತನ್ನ ಹೆಸರನ್ನು ಬರೆದ. 1116ರಲ್ಲಿ ಇನ್ನೊಬ್ಬ ದೊರೆ ತನ್ನ ಮೇಲೆ ಊರಿನ ಹೆಸರನ್ನು ಬರೆದುಕೊಂಡ. ರಾಜರಾಜಪುರ ಇವತ್ತು ಶಾಸನದಲ್ಲಷ್ಟೇ ಇದೆ. ತಲಕಾಡುಗೊಂಡ ಎಂದರೆ ಯಾರೆಂದು ಇತಿಹಾಸ ಓದಿದ ಶಾಲೆಯ ಮಕ್ಕಳು ಹೇಳುತ್ತಾರೆ.

ವಿಜಯದ ನೆನಪಿಗೆ ಅವನು ತಲಕಾಡಿನಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಬೇಲೂರನ್ನು ನೋಡಲು ಲೋಕವೇ ಬರುತ್ತದೆ. ಕೀರ್ತಿನಾರಾಯಣನನ್ನು ನೋಡಬೇಕಾದರೆ ಮರಳಲ್ಲಿ ನಡೆದು, ಗುಂಡಿಗೆ ಇಳಿದ ಹಾಗೆ ಇಳಿಯಬೇಕು. ಸುತ್ತ ಮರಳಿನ ದಿಬ್ಬ, ನಡುವಿನ ತಗ್ಗಿನಲ್ಲಿ ಗುಡಿ. ಒಳಗೆ ಆಳೆತ್ತರವನ್ನೂ ಮೀರಿದ ನಾರಾಯಣ. ಬೇಲೂರಿನ ಹಾಗೆ ಹೊರಗೋಡೆಯ ತುಂಬ ಕೆತ್ತನೆಯಿಲ್ಲ. ಆದರೆ ಮರಳಿನ ಬಿಸಿಯಿಂದ ಒಳಗೆ ಕಾಲಿಟ್ಟಾಗ ಆ ಕಲ್ಲಿನ ತಂಪು ಅಂಗಾಲಿನಿಂದ ನೆತ್ತಿಗೆ ಏರುತ್ತದೆ.

ಒಮ್ಮೆ ಹಿಂತಿರುಗಿ ನೋಡೋಣ. ಬೇಡರ ಹೆಸರು. ಗಂಗರ ತಲವನಪುರ. ಚೋಳರ ರಾಜರಾಜಪುರ. ಹೊಯ್ಸಳರ ತಲಕಾಡುಗೊಂಡ. ಇಲ್ಲಿಯ ತನಕ ಬಂದವರೆಲ್ಲ ಮನುಷ್ಯರು. ಇನ್ನು ಬಂದದ್ದು ಮರಳು.

ಹದಿನಾಲ್ಕನೆಯ ಶತಮಾನದಲ್ಲಿ ಈ ಸೀಮೆ ವಿಜಯನಗರದ ಕೈಗೆ ಹೋಯಿತು. ಆ ಕಾಲದ ಒಂದೇ ಒಂದು ಕೆಲಸವನ್ನು ಹೇಳಿ ಮುಂದೆ ಹೋಗುತ್ತೇನೆ. ಮಾಧವಮಂತ್ರಿ ಎಂಬ ಅಧಿಕಾರಿ ಕಾವೇರಿಗೆ ತಲಕಾಡಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿಸಿದ. ನಾಲೆ ತೆಗೆಸಿದ. ಮಾಧವಮಂತ್ರಿ ಕಟ್ಟೆ, ಮಾಧವಮಂತ್ರಿ ನಾಲೆ ಎಂದು ಇವತ್ತಿಗೂ ರೈತರು ಕರೆಯುತ್ತಾರೆ. ಅದರ ನೀರಲ್ಲಿ ಭತ್ತ ಬೆಳೆಯುತ್ತಾರೆ. ಕಟ್ಟಿದವನ ಹೆಸರು ಉಳಿಯಲು ಅವನು ಕಲ್ಲಲ್ಲಿ ಬರೆಸಬೇಕಾಗಲಿಲ್ಲ. ನೀರು ಹರಿದಷ್ಟು ದಿನ ಹೆಸರೂ ಹರಿಯುತ್ತದೆ.

ಈಗ ಅಲಮೇಲಮ್ಮನ ಕತೆ. ನಿಮಗೆಲ್ಲ ಗೊತ್ತಿರುವ ಕತೆ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಮಡದಿ ಅವಳು. ಗಂಡ ಬೆನ್ನುಹುಣ್ಣಿನಿಂದ ನರಳುತ್ತಿದ್ದ. ವೈದ್ಯೇಶ್ವರನಿಗೆ ಮೊರೆಯಿಡಲು ತಲಕಾಡಿಗೆ ಬಂದ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ಅವಳ ಒಡವೆಗಳಿಗಾಗಿ ಆಳುಗಳು ಬಂದರು. ಅವಳು ಶಾಪವಿಟ್ಟು ಮಾಲಂಗಿಯ ಮಡುವಿಗೆ ಹಾರಿದಳು. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಮಕ್ಕಳಿಲ್ಲದಿರುವುದು. ಮೂರು ಶಾಪ. ನಮ್ಮ ಅಜ್ಜಿ ಈ ಕತೆ ಹೇಳುವಾಗ ದನಿ ತಗ್ಗಿಸುತ್ತಿದ್ದಳು. ಅವಳಿಗೆ ಅದು ನಾನೂರು ವರ್ಷದ ಹಿಂದಿನ ಸಂಗತಿಯಾಗಿರಲಿಲ್ಲ. ಪಕ್ಕದ ಮನೆಯ ಹೆಣ್ಣುಮಗಳಿಗೆ ಆದ ಅನ್ಯಾಯವಾಗಿತ್ತು.

ಮರಳು ಬಂದದ್ದು ಶಾಪದಿಂದಲೇ? ವಿಜ್ಞಾನಿ ಕೆ. ಎನ್. ಗಣೇಶಯ್ಯ ಅವರು ಇದನ್ನು ಅಧ್ಯಯನ ಮಾಡಿದ್ದಾರೆ. 2007ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರೆದಿದ್ದಾರೆ. ಅವರ ವಾದದ ತಿರುಳು ಹೀಗಿದೆ. ಹೊಳೆ ಇಲ್ಲಿ ಬಾಗಿ ಹರಿಯುತ್ತದೆ. ಬಾಗಿದ ಕಡೆ ಮರಳು ಕೂರುತ್ತದೆ. ಕಟ್ಟೆ ಬಂದ ಮೇಲೆ ಹೊಳೆಯ ಹರಿವು ಬದಲಾಯಿತು. ನೀರು ತಗ್ಗಿದಾಗ ಪಾತ್ರದ ಮರಳು ಬಯಲಿಗೆ ಬಿತ್ತು. ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು.

ನನಗೆ ಈ ಎರಡು ಕತೆಗಳೂ ಒಂದಕ್ಕೊಂದು ವಿರುದ್ಧವೆನಿಸುವುದಿಲ್ಲ. ಮರಳು ಹೇಗೆ ಬಂತೆಂದು ವಿಜ್ಞಾನ ಹೇಳುತ್ತದೆ. ಊರೇ ಮುಚ್ಚಿಹೋಗುವಾಗ ಜನರಿಗೆ ಏನನ್ನಿಸಿತೆಂದು ಅಲಮೇಲಮ್ಮನ ಕತೆ ಹೇಳುತ್ತದೆ. ಅಷ್ಟು ದೊಡ್ಡ ನಷ್ಟಕ್ಕೆ ಅಷ್ಟೇ ದೊಡ್ಡ ನೋವೊಂದು ಕಾರಣವಾಗಿರಬೇಕು ಎಂದು ಅವರಿಗೆ ತೋರಿತು.

ಮರಳಿನ ನಡಿಗೆಯನ್ನು ಅಳೆದವರೂ ಇದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ. ಎಲ್. ರೈಸ್ ಅವರು ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಮರಳಿನ ದಿಬ್ಬ ಸುಮಾರು ಒಂದು ಮೈಲಿ ಉದ್ದ. ವರ್ಷಕ್ಕೆ ಒಂಬತ್ತು ಹತ್ತು ಅಡಿಯಷ್ಟು ಮುಂದೆ ಬರುತ್ತಿತ್ತು. ಅದೂ ಹೆಚ್ಚಾಗಿ ಮುಂಗಾರಿನ ಗಾಳಿಗೆ. 30ಕ್ಕೂ ಹೆಚ್ಚು ಗುಡಿಗಳು ಒಳಗೆ ಹೂತಿವೆ ಎಂಬುದು ಪ್ರತೀತಿ. ಜನ ಮನೆ ಬಿಟ್ಟು ಹಿಂದಕ್ಕೆ ಸರಿಯುತ್ತಲೇ ಇದ್ದರು.

ಒಂಬತ್ತು ಹತ್ತು ಅಡಿ ಎಂದರೆ ಎಷ್ಟು? ನಮ್ಮ ಹಳ್ಳಿಯ ಮನೆಯ ಒಂದು ಕೋಣೆಯಷ್ಟು. ಈ ವರ್ಷ ಹಿತ್ತಲು. ಬರುವ ವರ್ಷ ಅಡುಗೆಮನೆ. ಅದರಾಚೆಯ ವರ್ಷ ದೇವರ ಮೂಲೆ. ಆಗ ಏನು ಮಾಡುವುದು? ಬಾಗಿಲು ಕಿತ್ತುಕೊಂಡು, ತೊಲೆ ಇಳಿಸಿಕೊಂಡು, ಒರಳು ಉರುಳಿಸಿಕೊಂಡು ಹಿಂದಕ್ಕೆ ಹೋಗಿ ಮತ್ತೆ ಮನೆ ಕಟ್ಟುವುದು. ಮಕ್ಕಳ ಕಾಲಕ್ಕೆ ಮತ್ತೆ ಅದೇ.

ಇಂಥ ಊರನ್ನು ಜನ ಬಿಟ್ಟುಹೋಗಬೇಕಿತ್ತು. ಹೋಗಲಿಲ್ಲ. ರೈಸ್ ಅವರೇ ಇನ್ನೊಂದು ಮಾತು ಬರೆದಿದ್ದಾರೆ. ಮರಳು ಮುತ್ತುತ್ತಿದ್ದರೂ ಊರಿನ ಜನಸಂಖ್ಯೆ ಏರುತ್ತಿದೆ ಎಂದು. ಕಾರಣ, ಮಾಧವಮಂತ್ರಿ ನಾಲೆಯ ಗದ್ದೆ. ಎಂಥ ಮಾತು ನೋಡಿ! ಯಾವ ಕಟ್ಟೆಯಿಂದ ಮರಳು ಎದ್ದಿತೆಂದು ಇವತ್ತು ಹೇಳುತ್ತಾರೋ ಅದೇ ಕಟ್ಟೆಯ ನೀರು ಆ ಜನಕ್ಕೆ ಅನ್ನ ಕೊಟ್ಟು ಅಲ್ಲೇ ಹಿಡಿದಿಟ್ಟುಕೊಂಡಿತು.

ಹೀಗೆ ಮರಳಿನ ಮುಂದೆ ಊರು ಹಿಂದೆ ಹಿಂದೆ ನಡೆಯಿತು. ಹೆಸರನ್ನೂ ಜೊತೆಗೇ ಒಯ್ದಿತು. ಎಲ್ಲ ರಾಜಧಾನಿಗಳಿಗೂ ಈ ಭಾಗ್ಯ ಸಿಕ್ಕಿಲ್ಲ. ದೂರದ ಒಂದು ಊರನ್ನು ನೋಡಿ ಬರೋಣ.

ಆ ಊರು ಆನಿ. ಅರ್ಮೇನಿಯನ್ನರ ಹಳೆಯ ರಾಜಧಾನಿ. 961ರಲ್ಲಿ ಅಲ್ಲಿಗೆ ಸಿಂಹಾಸನ ಬಂತು. ಆಗ ತಲಕಾಡಿನಲ್ಲಿ ಗಂಗರು ಇನ್ನೂ ಆಳುತ್ತಿದ್ದರು. 1001 ಇಗರ್ಜಿಗಳ ಊರು ಎಂದು ಅದಕ್ಕೆ ಹೆಸರು. 1045ರಲ್ಲಿ ಬೈಜಾಂಟಿಯಮ್ ಚಕ್ರವರ್ತಿಯ ಕೈಸೇರಿತು. 1064ರಲ್ಲಿ ಸೆಲ್ಜುಕ್ ತುರ್ಕರು ಹಿಡಿದರು. 1319ರ ಭೂಕಂಪದಲ್ಲಿ ನಡುಗಿತು. ಮೆಲ್ಲಮೆಲ್ಲನೆ ಬರಿದಾಯಿತು. ಇವತ್ತು ಆನಿಯ ಕೋಟೆಯೊಳಗೆ ವಸತಿಯಿಲ್ಲ. ಪಕ್ಕದಲ್ಲೇ ಹರಿಯುವ ಹೊಳೆ ಈಗ ಎರಡು ದೇಶಗಳ ಗಡಿ. ಗೋಡೆಗಳು ತುರ್ಕಿಯಲ್ಲಿ. ಆ ಗೋಡೆ ಕಟ್ಟಿದವರ ಮಕ್ಕಳು ಹೊಳೆಯಾಚೆ. ಅವರು ದಡದಲ್ಲಿ ನಿಂತು ತಮ್ಮ ರಾಜಧಾನಿಯನ್ನು ಕಣ್ಣಳತೆಯಲ್ಲೇ ನೋಡುತ್ತಾರೆ. ಇಳಿದು ದಾಟುವ ಹಾಗಿಲ್ಲ. ಆನಿಯ ಬಗ್ಗೆ ಓದಿದಾಗ ನನಗೆ ನಮ್ಮ ಹರಿಗೋಲು ನೆನಪಾಯಿತು. ನಮ್ಮ ಅಜ್ಜಿಗೆ ಹೊಳೆ ದಾಟಲು ನಾಲ್ಕು ಕಾಸು ಸಾಕಾಗಿತ್ತು.

ನಮ್ಮ ನಾಡಿನಲ್ಲೇ ಇನ್ನೊಂದು ಉದಾಹರಣೆ ಇದೆ. ತಲಕಾಡುಗೊಂಡ ವಿಷ್ಣುವರ್ಧನನ ಸ್ವಂತ ರಾಜಧಾನಿ ದೋರಸಮುದ್ರ. 1311ರಲ್ಲಿ ಮಲಿಕ್ ಕಾಫೂರನ ದಂಡು ಅಲ್ಲಿಗೆ ಬಂತು. ಮುಂದೆ ಮತ್ತೆ ದಾಳಿಯಾಯಿತು. ಊರು ಹಾಳಾಯಿತು. ಹೆಸರೂ ಹೋಯಿತು. ಇವತ್ತು ಅದು ಹಳೇಬೀಡು. ಹಳೆಯ ಬೀಡು. ಗೆದ್ದವನ ಊರಿನ ಹೆಸರು ಅಳಿದು, ಅವನು ಗೆದ್ದ ಊರಿನ ಹೆಸರು ಉಳಿದಿದೆ.

ಕೊನೆಯದಾಗಿ ಇವತ್ತಿನ ತಲಕಾಡು. ಅರಣ್ಯ ಇಲಾಖೆಯವರು ಸರ್ವೆ, ನೀಲಗಿರಿ ನೆಟ್ಟು ಮರಳನ್ನು ಹಿಡಿದು ನಿಲ್ಲಿಸಿದ್ದಾರೆ. ಸರ್ವೆ ತೋಪಿನಲ್ಲಿ ಗಾಳಿ ಹಾದಾಗ ದೂರದಲ್ಲಿ ಹೊಳೆ ಸುರಿದ ಹಾಗೆ ಒಂದು ಸದ್ದು. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಇಲ್ಲಿ ಅಗೆದರು. ಇಟ್ಟಿಗೆಯ ತಳಪಾಯ, ಮಡಕೆಯ ಚೂರು, ಮಣಿಗಳು ಸಿಕ್ಕವು. ದೊರೆಗಳ ಅರಮನೆಗಿಂತ ನನಗೆ ಆ ಮಡಕೆಯ ಚೂರು ಹೆಚ್ಚು. ಅದರಲ್ಲಿ ಯಾರೋ ಒಬ್ಬಳು ಸಾರು ಕುದಿಸಿದ್ದಳು.

ಐದು ಲಿಂಗಗಳ ಕ್ಷೇತ್ರ ಇದು. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ. ಕಾರ್ತಿಕ ಮಾಸದ ಸೋಮವಾರ ನಕ್ಷತ್ರ ಕೂಡಿಬಂದ ವರ್ಷ ಪಂಚಲಿಂಗ ದರ್ಶನ. 2006, 2009, 2013, 2020ರಲ್ಲಿ ನಡೆಯಿತು. ಸಾಮಾನ್ಯವಾಗಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಪಾತಾಳೇಶ್ವರ, ಮರುಳೇಶ್ವರರ ಗುಡಿಗಳು ತಗ್ಗಿನಲ್ಲಿವೆ. ದರ್ಶನಕ್ಕೆ ಮೊದಲು ಅಲ್ಲಿ ಕೂತ ಮರಳನ್ನು ತೆಗೆಯಬೇಕು. ಬಾಂಡಲಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಮೇಲಕ್ಕೆ ಹಾಕುತ್ತಾರೆ. ದರ್ಶನ ಮುಗಿಯುತ್ತದೆ. ಮತ್ತೆ ಗಾಳಿ ಬೀಸುತ್ತದೆ.

ನಮ್ಮ ಅಜ್ಜಿ ತಲಕಾಡಿನಿಂದ ಅಗರಕ್ಕೆ ಬಂದ ರಾತ್ರಿ ಒಂದು ಕೆಲಸ ಮಾಡುತ್ತಿದ್ದಳು. ಒಳಗೆ ಬರುವ ಮೊದಲು ಜಗಲಿಯ ಮೇಲೆ ನಿಂತು ಸೆರಗಿನ ಗಂಟು ಬಿಚ್ಚಿ ಕೊಡವುತ್ತಿದ್ದಳು. ಹಿಡಿಯಷ್ಟು ಮರಳು ಬೀಳುತ್ತಿತ್ತು. ಬೆಳಿಗ್ಗೆ ಅದನ್ನು ಗುಡಿಸಲು ಯಾರಿಗೂ ಬಿಡುತ್ತಿರಲಿಲ್ಲ. ತಾನೇ ಬಳಿದು, ಅಂಗಳದ ತುಳಸಿಯ ಬುಡಕ್ಕೆ ಹಾಕುತ್ತಿದ್ದಳು.